ಕೈಗೆ ಸಿಗದ ಬಿಸಿ

ಆ ಗ್ಯಾರೇಜಿನಲ್ಲಿ ಗೇಜಿನ ಮುಳ್ಳಿಗೆ ಕವಡೆ ಕಿಮ್ಮತ್ತಿರಲಿಲ್ಲ. ಗಾಡಿ ಎಷ್ಟು ಬಿಸಿಯಾಗಿದೆ ಅಂತ ತೀರ್ಪು ಕೊಡುವುದು ಅಣ್ಣನ ಅಂಗೈ. ಬಾನೆಟ್ ಎತ್ತಿ, ರೇಡಿಯೇಟರಿನ ಮೇಲಿನ ಪೈಪು ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಹಾಂ, ಈಗ ಬಾಯಿ ಬಿಡ್ತು" ಅಂದನೆಂದರೆ, ನೀರು ಕಾದು ಒಳಗೆ ಅದನ್ನು ತಡೆದಿಟ್ಟಿದ್ದ ಥರ್ಮೋಸ್ಟಾಟ್ ತೆರೆದುಕೊಂಡಿತು ಅಂತಲೇ ಅರ್ಥ. ಒಮ್ಮೆ ಅಪ್ಪ ಎಲ್ಲಿಂದಲೋ ಥರ್ಮಾಮೀಟರ್ ತಂದು ಮಗನನ್ನು ಪರೀಕ್ಷೆ ಮಾಡಿದ್ದರು. ಅವನು ಎಂಬತ್ತೆರಡು ಅಂದ. ಅದು ಎಂಬತ್ತಮೂರು ತೋರಿಸಿತು. ಅಪ್ಪ ಅದನ್ನು ಡ್ರಾಯರಿಗೆ ಹಾಕಿದವರು ಮತ್ತೆ ತೆಗೆಯಲೇ ಇಲ್ಲ.

ತಂಗಿ ಆಗ ಹತ್ತು ವರ್ಷದವಳು. ಚಳಿಗಾಲದ ಬೆಳಿಗ್ಗೆ, ಶಾಲೆಗೆ ಹೊರಡುವ ಮುಂಚೆ, ಅಪ್ಪನ ಹಳೇ ಪಿಕಪ್ಪಿನ ಮುಂದೆ ಸ್ಟೂಲು ಹಾಕಿ ಅವಳನ್ನು ನಿಲ್ಲಿಸಿ, ಅವಳ ಕೈಯನ್ನು ಪೈಪಿನ ಮೇಲೆ ಇಡಿಸುತ್ತಿದ್ದ. "ಹೆದರ್ಬೇಡ ಪುಟ್ಟಿ, ಇನ್ನೂ ಉಗುರು ಬೆಚ್ಚಗಿದೆ." ಎಂಥ ಬೆಳಗುಗಳವು! ಡೀಸೆಲ್ ವಾಸನೆ, ಒಳಗಿಂದ ಅಮ್ಮ "ಹೊತ್ತಾಯ್ತು, ಆ ಮಗು ಯೂನಿಫಾರ್ಮಿಗೆ ಗ್ರೀಸು ಬಳೀಬೇಡ್ವೋ" ಅಂತ ಕೂಗುವುದು, ಇವರಿಬ್ಬರ ಕಿಸಿಕಿಸಿ ನಗು. ಯಾರಾದರೂ ವಾಪಸು ಕೊಡುತ್ತೇನೆಂದರೆ ಅವಳು ಈಗಲೂ ಓಡಿಹೋಗಿ ಆ ಸ್ಟೂಲು ಹತ್ತಿಯಾಳು. ಬ್ರೇಕು, ಕ್ಲಚ್ಚು, ವೈರಿಂಗು ಎಲ್ಲ ಅವನಿಂದಲೇ ಕಲಿತಳು. ಅಂಗೈಯ ಆ ವಿದ್ಯೆ ಮಾತ್ರ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಐವತ್ತು ದಾಟಿದರೂ, ಗ್ಯಾರೇಜಿನಲ್ಲಿ ಅರ್ಧ ಅವಳದೇ ಆದರೂ, ಅವನ ಬಾಯಲ್ಲಿ ಅವಳಿನ್ನೂ ಪುಟ್ಟಿಯೇ.

ಅಂಥದ್ದೇ ಒಂದು ಚಳಿಯ ಬೆಳಿಗ್ಗೆ ಬಡಗಿ ತನ್ನ ಪಿಕಪ್ ತಂದ. ಸ್ವೆಟರು, ಅದರ ಮೇಲೆ ಇನ್ನೊಂದು ಸ್ವೆಟರು, ಮಫ್ಲರು. "ಹೀಟರ್ ಹಾಕಿದ್ರೆ ತಣ್ಣನೆ ಗಾಳಿ ಬರತ್ತೆ ಯಜಮಾನ್ರೇ. ನನ್ನ ಹೆಂಡ್ತಿ ಈ ಗಾಡಿ ಹತ್ತೋದೇ ಬಿಟ್ಟಿದಾಳೆ."

"ಅದು ಗಾಡಿ ತಪ್ಪೋ, ನಿಂದೋ?" ಅಂದ ಅಣ್ಣ. ಅರ್ಧ ಗಂಟೆ ಓಡಿಸಿದರೂ ಮುಳ್ಳು ಮೇಲೇಳುವುದಿಲ್ಲ ಅಂತ ಕೇಳಿದ್ದೇ ತಡ, ಅವನಿಗೆ ಗೊತ್ತಾಗಿಹೋಯಿತು. "ಥರ್ಮೋಸ್ಟಾಟ್ ತೆರೆದ ಬಾಯಿ ಮುಚ್ತಿಲ್ಲ. ನೀರು ಬಿಸಿಯಾಗೋ ಮುಂಚೇನೇ ರೇಡಿಯೇಟರಿಗೆ ಓಡ್ತಿದೆ. ಹೀಟರಿಗೆ ಎಲ್ಲಿಂದ ಬರಬೇಕು ಬಿಸಿ?"

ಹೊಸದು ಹಾಕಿದ. ನೀರು ತುಂಬಿ, ಪೈಪಿನಲ್ಲಿ ಸಿಕ್ಕಿದ ಗಾಳಿ ತೆಗೆದು, ಇಂಜಿನ್ ಓಡಿಸಿದ. ಬಡಗಿ ಕ್ಯಾಬಿನ್ನಿನಲ್ಲೇ ಕೂತ. ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಹೀಟರಿಗೆ ಹೋಗುವ ಎರಡು ಪೈಪುಗಳನ್ನೂ ಹಿಡಿದು ನೋಡಿ ಮುಖ ಗಂಟು ಹಾಕಿದ. "ಬಿಸೀನೇ ಬಂದಿಲ್ಲ. ಪೀಸೇ ಸರಿಯಿಲ್ಲ." ಬಿಚ್ಚಿ ತಂಗಿಯ ಕೈಗೆ ಕೊಟ್ಟ. "ಪುಟ್ಟಿ, ಬದಲಾಯಿಸ್ಕೊಂಡು ಬಾ."

ಬಿಡಿಭಾಗದ ಅಂಗಡಿಯವನು ಅದನ್ನು ಕುದಿಯುವ ನೀರಿನ ಪಾತ್ರೆಗೆ ಇಳಿಬಿಟ್ಟು ತೋರಿಸಿದ. ನೀರಿನಲ್ಲಿ ತೆರೆಯಿತು, ಹೊರಗೆ ತೆಗೆದಾಗ ಮುಚ್ಚಿತು. "ಇದಕ್ಕೇನೂ ಆಗಿಲ್ಲ. ನಿಮ್ಮಣ್ಣಂಗೆ ವಯಸ್ಸಾಯ್ತಕ್ಕಾ" ಅಂದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಪಾತ್ರೆಗಿಂತ ನಮ್ಮಣ್ಣನ ಕೈ ಮೇಲು!" ಬಾಯಿಗೆ ಬಂದಂತೆ ಬೈದು, ಇನ್ನೊಂದು ಪೀಸು ಕಿತ್ತುಕೊಂಡೇ ಬಂದಳು.

ಅದನ್ನೂ ಹಾಕಿದ್ದಾಯಿತು. ಅಣ್ಣ ಪೈಪು ಹಿಡಿದ. ಕಿಟಕಿಯಿಂದ ಕೈ ತೂರಿಸಿ ಹೀಟರಿನ ಗಾಳಿಗೆ ಒಡ್ಡಿದ. "ಥತ್! ಅದೇ ಕತೆ. ಒಳಗಿನ ಹೀಟರೇ ಕಟ್ಕೊಂಡಿರಬೇಕು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು." ಅಂದರೆ ಎರಡು ದಿನದ ಕೆಲಸ.

ಬಿಚ್ಚುವುದಕ್ಕೆ ಮುಂಚೆ ಒಳಗಿನ ಸಾಮಾನು ತೆಗೆಯೋಣವೆಂದು ಅವಳು ಕ್ಯಾಬಿನ್ನಿನ ಬಾಗಿಲು ಎಳೆದಳು. ಬಿಸಿಗಾಳಿ ಮುಖಕ್ಕೆ ರಪ್ಪೆಂದು ಬಡಿಯಿತು. ಬಡಗಿ ಎರಡೂ ಸ್ವೆಟರು ಬಿಚ್ಚಿಟ್ಟು, ಮಫ್ಲರಿನಲ್ಲಿ ಹಣೆ ಒರೆಸಿಕೊಳ್ಳುತ್ತಿದ್ದ. ಅಂಗಿಯೆಲ್ಲ ಬೆವರು.

"ಅಕ್ಕಾ," ಅಂದ ಸಣ್ಣ ದನಿಯಲ್ಲಿ, "ನಂಗೆ ಜ್ವರ ಬಂದಂಗಿದೆ. ಯಜಮಾನ್ರು ನೋಡಿದ್ರೆ ತಣ್ಣಗಿದೆ ಅಂತಾರೆ, ನನ್ನ ಮೈ ನೋಡಿದ್ರೆ ಹಿಂಗೆ ಸುಡ್ತಿದೆ."

ಅವಳಿಗೆ ನಗು ಬಂತು. ಅಷ್ಟರಲ್ಲಿ ಕಣ್ಣು ಗೇಜಿನ ಮೇಲೆ ಬಿತ್ತು. ಮುಳ್ಳು ನಟ್ಟನಡುವೆ, ಇರಬೇಕಾದಲ್ಲೇ ಇತ್ತು. ಬಾಗಿಲು ಹಾಗೇ ಬಿಟ್ಟು ಓಡಿದಳು.

ಮುಂದೆ ಅಣ್ಣ ಬಾನೆಟ್ಟಿನ ಕೆಳಗೆ ಬಗ್ಗಿ, ಪೈಪನ್ನು ಮತ್ತೊಮ್ಮೆ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದ. ಹಿಡಿದೇ ಇದ್ದ. ಅವಳು ಅದೇ ಪೈಪಿಗೆ ಬೆರಳು ತಾಕಿಸಿ ಹಾ ಎಂದು ಎಳೆದುಕೊಂಡಳು.

"ಅಣ್ಣಾ, ಕೈ ತೆಗಿ."

"ಇರು, ಇನ್ನೂ ಬಂದಿಲ್ಲ."

"ಸುಡ್ತಿದೆ, ತೆಗಿ ಅಂದ್ನಲ್ಲ!" ಮಣಿಕಟ್ಟು ಹಿಡಿದು ಅವಳೇ ಎಳೆದಳು. ಅಂಗೈ ಕೆಂಪಗಾಗಿ, ಬೆರಳಿನ ಬುಡದಲ್ಲಿ ಬೊಬ್ಬೆ ಏಳುತ್ತಿತ್ತು. ಅಣ್ಣ ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ.

"ಯಾವಾಗಿಂದ ಹಿಂಗೆ?"

"ಹೋದ ಚಳಿಗಾಲದಿಂದ. ಬೆರಳೆಲ್ಲ ಜೋಮು ಹಿಡಿದಂಗೆ. ಚಳಿಗೇನೋ ಅಂದ್ಕೊಂಡೆ, ಬೇಸಿಗೇಲೂ ಬಿಡ್ಲಿಲ್ಲ. ನಿಂಗೆ ಹೇಳಿದ್ರೆ ಮನೇಲಿ ಕೂತ್ಕೋ ಅಂತೀಯ. ಈ ಕೈ ಹೋದ್ರೆ ನನ್ಹತ್ರ ಇನ್ನೇನಿದೆ ಪುಟ್ಟಿ?"

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಒಂದು ವರ್ಷ ಹೆಗಲಿಗೆ ಹೆಗಲು ತಾಗಿಸಿ ಕೆಲಸ ಮಾಡಿದ ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ತನ್ನ ಮೇಲೆಯೇ ಹೆಚ್ಚು ಸಿಟ್ಟು. ಅವನನ್ನು ಹಿತ್ತಲಿನ ನಲ್ಲಿಗೆ ಎಳೆದುಕೊಂಡು ಹೋಗಿ, ಕೈಯನ್ನು ನೀರಿನ ಕೆಳಗೆ ಹಿಡಿದು ನಿಂತಳು.

"ಗಾಡಿ ಸರಿಯಾಗಿದೆ. ಮೊದಲನೇ ಪೀಸಿಗೇ ಸರಿಹೋಗಿತ್ತು."

"ಹೌದಾ?"

"ಹೌದು. ಥರ್ಮೋಸ್ಟಾಟ್ ಅಂತ ಬೆಳಿಗ್ಗೆ ನೀನೇ ಹೇಳಿದ್ದಲ್ವಾ? ಕೈ ಇಟ್ಟು ಹೇಳಿದ್ದಲ್ಲ ಅದು, ಕಿವೀಲಿ ಕೇಳಿ ಹೇಳಿದ್ದು. ಇನ್ಮೇಲೆ ಪೈಪು ನಾನು ಹಿಡೀತೀನಿ, ನೀನು ಕೇಳಿ ಹೇಳು. ನಾಳೆ ಬೆಳಿಗ್ಗೆ ಮೊದಲು ಡಾಕ್ಟ್ರ ಹತ್ರ. ಕೊಸರಾಡೋ ಹಾಗಿಲ್ಲ."

ಒಳಗಿಂದ ಬಡಗಿ ಇಣುಕಿದ. "ಹಾಗಾದ್ರೆ ನಂಗೆ ಜ್ವರ ಇಲ್ವಾ ಯಜಮಾನ್ರೇ?"

"ಇಲ್ಲ ಹೋಗಯ್ಯಾ, ಹೆಂಡ್ತೀನ ಕರ್ಕೊಂಡು ಒಂದು ಸುತ್ತು ಹಾಕ್ಕೊಂಡು ಬಾ" ಅಂದ ಅಣ್ಣ. ನಗಲು ನೋಡಿದ, ಆಗಲಿಲ್ಲ. ಗಾಡಿ ಹೊರಟುಹೋಯಿತು. ಇಬ್ಬರೂ ನಲ್ಲಿಯ ಮುಂದೆ ಹಾಗೇ ನಿಂತಿದ್ದರು. ರಾತ್ರಿಯೆಲ್ಲ ಚಳಿಯಲ್ಲಿದ್ದ ನೀರು ಅವಳ ಬೆರಳುಗಳ ಮೂಳೆಗೇ ಇಳಿಯುತ್ತಿತ್ತು.

"ನೀರು ತಣ್ಣಗಿದೆಯಾ ಪುಟ್ಟಿ?" ಅಂತ ಅಣ್ಣ ಕೇಳಿದ.

"ಕೊರೀತಿದೆ ಅಣ್ಣಾ."

"ಹಾಗಾದ್ರೆ ನೀನು ಕೈ ತೆಗಿ, ನೋವಾಗತ್ತೆ" ಅಂದ.

ಅವಳು ತೆಗೆಯಲಿಲ್ಲ.