ಮೊದಲ ಚಿಟಿಕೆ

"ತಿನ್ನೇ ಮುಂಡೆ! ಇಲ್ಲಾ ನಾನೇ ಬಂದು ಗಂಟಲಿಗೆ ತುರುಕ್ಲಾ?"

ಹಡಗು ಕಂಪನಿಯ ಸಾಹೇಬ ಒಣ ಮರಳಿನಲ್ಲಿ ನಿಂತು ಒದರುತ್ತಿದ್ದ. ನಾನು ಸೊಂಟದುದ್ದ ನೀರಿನಲ್ಲಿ ಬಟ್ಟೆಬಲೆ ಹಿಡಿದು ನಿಂತಿದ್ದೆ. ಕ್ಯಾಮೆರಾದವನು ಪ್ಯಾಂಟು ಮಡಚಿಕೊಂಡು ನನ್ನ ಮುಖದ ಹತ್ತಿರವೇ ಬಂದಿದ್ದ.

ನಾವು ಹೆಂಗಸರು ಹಿಡಿಯುವುದು ಮೀನನ್ನಲ್ಲ, ಹುಡಿಯನ್ನು. ನುಚ್ಚಿಗಿಂತ ಸಣ್ಣ ಸೀಗಡಿ, ಹೆಸರೇ ಇಲ್ಲದ ಹುಳುಗಳು. ಮೀನು ದಡಕ್ಕೆ ಬರುವುದೇ ಇದನ್ನು ತಿನ್ನಲು. ಬಲೆ ಎತ್ತಿದ ಕೂಡಲೇ ಒಂದು ಚಿಟಿಕೆ ಹಸಿಯಾಗಿ ಬಾಯಿಗೆ ಹಾಕಿಕೊಳ್ಳುತ್ತೇವೆ. ನಾಲಿಗೆಯ ಮೇಲೆ ಚುಳುಚುಳು ಎಂದರೆ ಜೀವ ಇದೆ, ಬಲೆ ಮುಂದೆ ತಳ್ಳು. ಸುಮ್ಮನಿದ್ದರೆ ಜಾಗ ಬದಲಿಸು. ಇದನ್ನು ಯಾರೋ ಸಾಹೇಬನ ಕಿವಿಗೆ ಹಾಕಿದ್ದರು. ನಾನು ತಿನ್ನುವುದನ್ನು ಚಿತ್ರ ಹಿಡಿದು ತೋರಿಸಿದರೆ ಸಮುದ್ರ ಶುದ್ಧ ಎಂದಾಯಿತು. ನೀರು ಶುಚಿ ಮಾಡುವ ದೋಣಿಗಳನ್ನೂ ನಮಗೆ ಪರಿಹಾರವೆಂದು ಕೊಡುತ್ತಿರುವ ಅಕ್ಕಿಯನ್ನೂ ಕಂಪನಿ ನಾಳೆಯೇ ನಿಲ್ಲಿಸಬಹುದು.

ಅವರ ಹಡಗು ಒಡೆದು ಎಣ್ಣೆ ಹರಡಿದಾಗ ಏನೋ ಔಷಧಿ ಸಿಂಪಡಿಸಿ ಅದನ್ನು ಕೆಳಕ್ಕೆ ಇಳಿಸಿದ್ದರು. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಹೋದ ವಾರ ನನ್ನ ನಾದಿನಿ ತಿಳಿನೀರು ನಂಬಿ ಚಿಟಿಕೆ ಬಾಯಿಗೆ ಹಾಕಿದಳು. ಇನ್ನೂ ಗುಡಿಸಲಲ್ಲಿ ವಾಂತಿ ಮಾಡಿಕೊಳ್ಳುತ್ತಾ ಬಿದ್ದಿದ್ದಾಳೆ.

"ಎಲ್ಲಿದ್ಯೇ ಎಣ್ಣೆ? ಕಣ್ಣು ಕುರುಡಾ?"

"ಕೆಳಗಿದೆ ಸಾಹೇಬ್ರೇ. ನಮ್ಮ ಹುಡಿನೂ ಅಲ್ಲೇ ಇರೋದು."

"ನಂಗೇ ಪಾಠ ಹೇಳ್ತೀಯಾ? ತಿನ್ನದಿದ್ರೆ ನೋಡ್ತಿರು, ದಡದಲ್ಲಿ ಒಂದು ಗುಡಿಸಲೂ ಉಳಿಯಲ್ಲ."

ಅತ್ತೆ ನೀರಿಗಿಳಿದು ನನ್ನ ಪಕ್ಕಕ್ಕೆ ಬಂದರು. "ನುಂಗ್ಬೇಡ ಕಣೇ. ಬಾಯಲ್ಲಿಟ್ಕೊಂಡು ಆಮೇಲೆ ಉಗಿ. ಸೂರಾದ್ರೂ ಉಳೀಲಿ" ಎಂದು ಪಿಸುಗುಟ್ಟಿದರು. ಗಂಡ ಸತ್ತಾಗಲೂ ಯಾರ ಮುಂದೆಯೂ ಕೈಯೊಡ್ಡದ ಹೆಂಗಸು. ಅವರ ದನಿ ನಡುಗಿದ್ದು ಕೇಳಿ ನನಗೆ ಮೈಯೆಲ್ಲಾ ಉರಿಯಿತು.

ಬಲೆ ತಳ್ಳಿ ಎತ್ತಿದೆ. ಬಟ್ಟೆಯ ಮೇಲೆ ಒಂದೂ ಕುಪ್ಪಳಿಸಲಿಲ್ಲ. ಬೂದುಬಣ್ಣದ ಲೋಳೆ, ಅಂಚಿನಲ್ಲಿ ಕಂದು ಜಿಡ್ಡು. ಒಂದು ಚಿಟಿಕೆ ತೆಗೆದೆ.

"ಹಾಂ, ಹಂಗೆ! ಸ್ವಲ್ಪ ನಗು!" ಎಂದ ಸಾಹೇಬ.

ನಾನು ಬಲೆ ಸಮೇತ ನೀರಿನಿಂದ ಮೇಲೆ ಬಂದು ನೇರ ಅವನ ಮುಂದೆ ನಿಂತೆ. ಕ್ಯಾಮೆರಾ ನನ್ನ ಹಿಂದೆಯೇ ಬಂತು.

"ನೆಂಟ್ರಿಗೆ ಮೊದ್ಲು ಬಡಿಸ್ಬೇಕು ಸಾಹೇಬ್ರೇ. ತಗೊಳ್ಳಿ."

"ಏಯ್, ದೂರ ನಿಲ್ಲೇ ಗಬ್ಬುನಾತದವಳೇ!" ಅವನು ಹಿಂದೆ ಸರಿದ. ಹಿಂದೆ ನಮ್ಮವರೇ ನಿಂತಿದ್ದರು, ಯಾರೂ ದಾರಿ ಬಿಡಲಿಲ್ಲ.

ನನ್ನ ಹಿಂದೆಯೇ ದಡಕ್ಕೆ ಬಂದ ಅತ್ತೆ ಬಲೆಗೆ ಕೈ ಹಾಕಿ ಒಂದು ಚಿಟಿಕೆ ತೆಗೆದರು. ಉಳಿದ ಹೆಂಗಸರೂ ತೆಗೆದರು. ಎಲ್ಲರ ಕೈಯೂ ಅವನ ಮುಖದ ಮುಂದೆ.

"ಶುದ್ಧ ಇದೆ ಅಂತ ನೀವೇ ಅಂದ್ರಲ್ಲಪ್ಪಾ" ಎಂದರು ಅತ್ತೆ.

ಸಾಹೇಬ ಕ್ಯಾಮೆರಾ ನಿಲ್ಲಿಸು ಎಂದು ಕೂಗಬೇಕಿತ್ತು. ಕೂಗಲು ಬಾಯಿ ತೆರೆಯಬೇಕಲ್ಲ! ತುಟಿ ಬಿಗಿಹಿಡಿದು, ಕಣ್ಣು ಕೆಂಪಗೆ ಮಾಡಿಕೊಂಡು, ಕೈ ಮಾತ್ರ ಬೀಸುತ್ತಿದ್ದ. ಕ್ಯಾಮೆರಾದವನು ಅವನ ಮುಚ್ಚಿದ ಬಾಯಿಯ ಹತ್ತಿರಕ್ಕೆ ಇನ್ನೊಂದು ಹೆಜ್ಜೆ ಇಟ್ಟ.