ದೊಡ್ಡಣ್ಣನ ಬಲಗಾಲು

ಆಸ್ಪತ್ರೆಯವರು ಹಾಕಿಕೊಳ್ಳಲು ಕೊಟ್ಟ ನೀಲಿ ನಿಲುವಂಗಿಯನ್ನು ಅವಳು ಮೊದಲು ಒಳಗೆ ಹೊರಗೆ ತಿರುವಿ ನೋಡಿದಳು. ಲಾಡಿ ಇರಬೇಕಾದ ಕಡೆ ಇಲ್ಲ, ಕಂಕುಳ ಹತ್ತಿರ ಹೊಲಿಗೆ ಕುಡುಕನ ನಡಿಗೆಯ ಹಾಗೆ ಹೋಗಿದೆ, ಅಂಚು ಮಡಿಸಿದವನಿಗೆ ಬಸ್ಸು ಹಿಡಿಯುವ ಅವಸರ ಇದ್ದಿರಬೇಕು. "ಇದನ್ನ ಹೊಲಿದವನ ಕೈಗಿಷ್ಟು ಬೆಂಕಿ ಹಾಕ" ಅಂದುಕೊಂಡೇ ತೊಟ್ಟಳು. ಮದುವೆಗೆ ಮುಂಚಿನಿಂದ ಟೈಲರ್ ಅಂಗಡಿ ನಡೆಸುತ್ತಿದ್ದವಳು. ಬೀದಿಯವರು ಅವಳನ್ನು ಕತ್ತರಿ ಅಂತ ಕರೆಯುತ್ತಿದ್ದರು, ಕೈಯಲ್ಲಿರುವ ಕತ್ತರಿಗಿಂತ ಬಾಯಲ್ಲಿರುವುದಕ್ಕೇ ಹೆಚ್ಚು ಹೆದರಿ.

ಅವಳು ಇಲ್ಲಿಗೆ ಬಂದದ್ದು ಚಿಕ್ಕಣ್ಣನಿಗಾಗಿ. ಚಿಕ್ಕಣ್ಣ ಅಂಗಡಿಗಳಿಗೆ ಬೋರ್ಡು ಬರೆಯುವವನು. ಅಳತೆಪಟ್ಟಿ ಇಲ್ಲದೆ ಗೋಡೆ ಉದ್ದಕ್ಕೂ ಗೆರೆ ಎಳೆದರೆ ಕೂದಲಷ್ಟೂ ಅಲುಗುತ್ತಿರಲಿಲ್ಲ. ಈಗ ಅವನ ಕೈಗೆ ಟೀ ಲೋಟ ಕೊಟ್ಟರೆ ಅರ್ಧ ಅಂಗಿಗೆ, ಅರ್ಧ ನೆಲಕ್ಕೆ. ಮಿದುಳಿನ ಕಾಯಿಲೆ, ಇದ್ದ ಔಷಧಿ ಯಾವುದೂ ನಾಟುತ್ತಿಲ್ಲ ಅಂದರು. ಹೊಸ ಔಷಧಿಯೊಂದನ್ನು ಪರೀಕ್ಷೆ ಮಾಡುತ್ತಿದ್ದಾರೆ, ಸೇರಿಸಿಕೊಳ್ಳಬಹುದು, ಆದರೆ ಒಂದು ಷರತ್ತು: ರೋಗಿಯ ಜೊತೆ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ, ಗಟ್ಟಿಮುಟ್ಟಾಗಿರುವ ಒಬ್ಬರು ಬರಬೇಕು. ಎಂಆರ್‌ಐ ಯಂತ್ರದಲ್ಲಿ ಇಬ್ಬರ ಮಿದುಳಿನ ಚಿತ್ರವನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಜೋಡಿ ಇಲ್ಲವೋ, ರೋಗಿಗೂ ಜಾಗವಿಲ್ಲ.

ಹುಟ್ಟಿದವರು ಮೂರೇ ಜನ. ಹಿರಿಯನಾದ ದೊಡ್ಡಣ್ಣ ನಿವೃತ್ತ ಹೆಡ್‌ಮಾಸ್ಟರ್. ಎದ್ದು ಹೋಗಲಾಗದ ಮಕ್ಕಳ ಮುಂದೆ ಜೀವನಪೂರ್ತಿ ಮಾತಾಡಿ ಮಾತಾಡಿ, ತನ್ನ ಮಾತು ಕೇಳಲು ಜಗತ್ತೇ ಕೈಕಟ್ಟಿ ಕೂತಿದೆ ಅಂತ ನಂಬಿದ್ದ ಗಂಡಸು. ವಿಷಯ ಕೇಳಿದ ದಿನ "ತಮ್ಮನಿಗಾಗಿ ಪ್ರಾಣ ಬೇಕಾದ್ರೂ ಕೊಟ್ಟೇನು" ಅಂದ. ಪ್ರಾಣ ಬೇಡ, ಮಲಗಿ ಫೋಟೋ ತೆಗೆಸಿಕೊಂಡರೆ ಸಾಕು ಅಂದಾಗ ಮಾತ್ರ ಗಂಟಲು ಸರಿಮಾಡಿಕೊಂಡ. "ಮೇಲ್ವಿಚಾರಣೆಗೆ ಒಬ್ಬರು ಬೇಕಲ್ಲಮ್ಮ. ನೀನು ಒಳಗೆ ಹೋಗು, ಹೊರಗಿನದೆಲ್ಲ ನನಗೆ ಬಿಡು." ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜಾತಿ ಇದು ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೂಂ ಅಂದಿದ್ದಳು.

ಈಗ ಹೊರಗಿನದೆಲ್ಲ ಅವನಿಗೇ ಬಿಟ್ಟಿತ್ತು. ಅವಳೇ ಹೊಲಿದುಕೊಟ್ಟ ಬಿಳಿ ಅಂಗಿ ತೊಟ್ಟು, ಕಾಯುವ ಕೋಣೆಯ ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿ, ಪಕ್ಕದಲ್ಲಿದ್ದ ಮುದುಕಿಗೆ ಅಯಸ್ಕಾಂತದ ಪಾಠ ಮಾಡುತ್ತಿದ್ದ. "ಹೆದರೋದೇನಿದೆ ತಾಯಿ? ವಿಜ್ಞಾನ ಮುಂದುವರೀಬೇಕಾದ್ರೆ ಯಾರಾದ್ರೂ ಮುಂದೆ ಬರಬೇಕು." ಮುದುಕಿ ಪಾಪ, ಕಣ್ಣು ಮುಚ್ಚಿಕೊಂಡು ನಿದ್ದೆ ನಟಿಸುತ್ತಿದ್ದಳು. ಚಿಕ್ಕಣ್ಣ ಮೂಲೆಯಲ್ಲಿ, ನಡುಗುವ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದ.

ಒಳಗೆ ಸ್ಕ್ಯಾನ್ ಮಾಡುವ ಹುಡುಗಿ ಒಂದೊಂದಾಗಿ ಕೇಳಿದಳು. ಹೃದಯಕ್ಕೆ ಯಂತ್ರ ಕೂರಿಸಿದ್ದಾರಾ? ಇಲ್ಲ. ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತಾ? ಇಲ್ಲ. ಮೈಮೇಲೆ ಓಲೆ, ಉಂಗುರ, ಪಿನ್ನು? ಕತ್ತರಿಗೆ ನಗು ಬಂತು. ಟೈಲರ್‌ನ ಕೇಳ್ತಾಳಲ್ಲಪ್ಪ ಪಿನ್ನು ಇದೆಯಾ ಅಂತ! ಬೆಳಿಗ್ಗೆಯೇ ಸೆರಗಿನ ಅಂಚು, ಕೂದಲು, ಕೊರಳಪಟ್ಟಿ ಎಲ್ಲ ತಡಕಿ ಬಂದಿದ್ದಳು. ಹುಕ್ಕಿಲ್ಲದ ಒಳಂಗಿಯನ್ನು ಇದಕ್ಕೆಂದೇ ಹೊಲಿದುಕೊಂಡಿದ್ದಳು. "ದೇಹದ ಒಳಗೆ ಎಲ್ಲಾದ್ರೂ ಲೋಹ?" "ನನ್ನೊಳಗೆ ಸಿಟ್ಟು ಬಿಟ್ರೆ ಇನ್ನೇನೂ ಇಲ್ಲಮ್ಮ" ಅಂದಳು. ಹುಡುಗಿ ನಕ್ಕು, ಏನಾದರೂ ಅನ್ನಿಸಿದರೆ ಒತ್ತಿ ಅಂತ ಬಲಗೈಗೆ ಒಂದು ರಬ್ಬರ್ ಚೆಂಡು ಕೊಟ್ಟಳು.

ಹಲಗೆ ಒಳಗೆ ಸರಿಯತೊಡಗಿತು. ಎಡಗೈ ತೋರುಬೆರಳ ತುದಿಯಲ್ಲಿ ಏನೋ ಮಿಸುಕಿತು. ಮೊದಲು ಇರುವೆ ಕಚ್ಚಿದ ಹಾಗೆ, ಆಮೇಲೆ ಯಾರೋ ಒಳಗಿನಿಂದ ದಾರ ಹಿಡಿದು ಜಗ್ಗಿದ ಹಾಗೆ. ಅವಳು ಚೆಂಡು ಒತ್ತಿದಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಇವಳ ಬೆರಳಿಗೆ ಎಕ್ಸ್‌ರೇ ಬೇಕಾಯಿತು. ಅದರಲ್ಲಿ ಸಣ್ಣ ಗೆರೆಯೊಂದು ಬಿಳಿಯಾಗಿ ಕಂಡಾಗ ಅವಳು ಹಣೆ ಚಚ್ಚಿಕೊಂಡಳು. ಹೊಲಿಗೆ ಕಲಿಯುವಾಗ ಮಿಷನ್ ಸೂಜಿ ಉಗುರಿನ ಮೂಲಕ ಇಳಿದು ಮುರಿದಿತ್ತು. ತುದಿ ಒಳಗೇ ಉಳಿಯಿತು. ಕಲಿಸುತ್ತಿದ್ದ ಮೇಸ್ತ್ರಿ ಬಟ್ಟೆಚೂರು ಸುತ್ತಿ, "ಹೋಗು, ಇವತ್ತಿಂದ ನೀನು ಟೈಲರ್" ಅಂದಿದ್ದ. ಆ ಕಸುಬಿನವರ ಪೈಕಿ ಅರ್ಧ ಜನರ ಬೆರಳಲ್ಲಿ ಒಂದೊಂದು ಚೂರು ಇದ್ದೇ ಇರುತ್ತದೆ, ಅದನ್ನು ಯಾರೂ ಲೋಹ ಅಂತ ಎಣಿಸುವುದಿಲ್ಲ. ಮೈಮೇಲಿನ ಮಚ್ಚೆಯನ್ನು ಯಾರಾದರೂ ನೆನಪಿಟ್ಟುಕೊಳ್ಳುತ್ತಾರಾ? ಆದರೂ ಅವಳಿಗೆ ತನ್ನ ಮೇಲೇ ಅಸಹ್ಯ ಬಂತು.

ಡಾಕ್ಟರ್ ಹೊರಗೆ ಬಂದು ನಿಧಾನವಾಗಿ ಹೇಳಿದರು. "ಈ ಚೂರು ಇರೋವರೆಗೂ ಇವರನ್ನ ಒಳಗೆ ಬಿಡೋ ಹಾಗಿಲ್ಲ. ಈ ವಾರದ ಕೊನೆಗೆ ಸೇರಿಸಿಕೊಳ್ಳೋದು ಮುಗಿಯುತ್ತೆ. ನಿಮ್ಮಲ್ಲಿ ಇನ್ನೊಬ್ಬರು ಅಣ್ಣತಮ್ಮ ಯಾರಾದ್ರೂ ಇದ್ದಾರಾ?"

ಎಲ್ಲರೂ ಸೋಫಾದ ಕಡೆ ನೋಡಿದರು. ನಿದ್ದೆ ನಟಿಸುತ್ತಿದ್ದ ಮುದುಕಿಯೂ ಕಣ್ಣು ಬಿಟ್ಟಳು.

ದೊಡ್ಡಣ್ಣ ಮೇಲಿದ್ದ ಕಾಲನ್ನು ಕೆಳಗಿಳಿಸಿದ. "ನಾನು ಖಂಡಿತ ಬರ್ತಿದ್ದೆ ಡಾಕ್ಟ್ರೇ. ಆದ್ರೆ ಏನ್ಮಾಡೋದು, ಕಾಲಲ್ಲಿ ಸರಳು ಹಾಕಿದ್ದಾರೆ. ಹಿಂದೆ ಸ್ಕೂಟರಿನಿಂದ ಬಿದ್ದಾಗ."

"ಕೆಲವು ಸರಳಿಗೆ ತೊಂದರೆ ಇಲ್ಲ ಸರ್. ಎಕ್ಸ್‌ರೇ ತೆಗೆದು ನೋಡೋಣ."

"ಬೇಡ ಬೇಡ. ಅದು ಹಳೇ ಕಾಲದ್ದು, ಪಕ್ಕಾ ಕಬ್ಬಿಣ."

ಕತ್ತರಿ ಬಾಯಿ ತೆರೆದಳು, ಮುಚ್ಚಿದಳು. ಸ್ಕೂಟರಿನಿಂದ ಬಿದ್ದದ್ದು ನಿಜ. ಹಾಕಿದ್ದು ಬರೀ ಪ್ಲಾಸ್ಟರ್, ಎಡಗಾಲಿಗೆ. ಪ್ಲಾಸ್ಟರ್ ತೂರಲಿ ಅಂತ ಅವನ ಪ್ಯಾಂಟುಗಳ ಎಡಗಾಲನ್ನೆಲ್ಲ ಬಿಚ್ಚಿ, ವಾಸಿಯಾದ ಮೇಲೆ ಮತ್ತೆ ಹೊಲಿದುಕೊಟ್ಟವಳು ಇವಳೇ. ದೊಡ್ಡಣ್ಣನಿಗೂ ಅದು ಗೊತ್ತು. ನಾಲ್ಕು ಜನರ ಮುಂದೆ ತಂಗಿ ಹಿರಿಯಣ್ಣನ ಮಾನ ಕಳೆಯಲಾರಳು ಅನ್ನುವ ಧೈರ್ಯದಲ್ಲಿ ಅವಳ ಮುಖವನ್ನೇ ನೋಡುತ್ತಾ ಹೇಳಿದ್ದ.

ಡಾಕ್ಟರ್ ಅಷ್ಟೇನೂ ದಡ್ಡರಲ್ಲ. "ಇಷ್ಟ ಇಲ್ಲದಿದ್ರೆ ಬೇಡ ಅಂದ್ರೆ ಸಾಕು ಸರ್. ಇಲ್ಲಿ ಯಾರನ್ನೂ ಯಾಕೆ ಅಂತ ಕೇಳಲ್ಲ" ಅಂದರು. ಅಂದರೆ ಆ ಸುಳ್ಳಿನ ಅಗತ್ಯವೂ ಇರಲಿಲ್ಲ! ಹೆದರಿಕೆ ಅಂತ ಒಂದು ಮಾತು ಹೇಳಿದ್ದರೆ ಕ್ಷಮಿಸಿಬಿಡುತ್ತಿದ್ದಳು. ಹೆದರಿಕೆ ಯಾರಿಗಿಲ್ಲ? ಅವಳಿಗೂ ಆ ಕೊಳವೆ ನೋಡಿ ವಾಪಸು ಓಡಿಬಿಡೋಣ ಅನ್ನಿಸಿತ್ತು. ಹೇಡಿತನಕ್ಕೂ ಇಸ್ತ್ರಿ ಮಾಡಿ ಮರ್ಯಾದೆ ತೊಡಿಸುವ ಇಂಥವನ ತಂಗಿಯಾಗಿ ಹುಟ್ಟಿದೆನಲ್ಲ ಅಂತ ಮೈ ಉರಿಯಿತು.

ಚಿಕ್ಕಣ್ಣ ಎದ್ದು ನಿಂತ. "ಮನೆಗೆ ಹೋಗೋಣ ಬಾರೇ. ನನ್ನ ಹಣೇಲಿ ಇಷ್ಟೇ ಬರೆದಿರೋದು" ಅಂದ. ಊರಿನ ಹಣೆಬರಹವನ್ನೆಲ್ಲ ನೆಟ್ಟಗೆ ಬರೆದವನ ಬಾಯಲ್ಲಿ ಆ ಮಾತು ಕೇಳಿ ಅವಳಿಗೆ ತಡೆಯಲಾಗಲಿಲ್ಲ.

"ಕೂತ್ಕೋ ಸುಮ್ನೆ" ಅಂದಳು. ಡಾಕ್ಟರ ಕಡೆ ತಿರುಗಿದಳು. "ಈ ಚೂರು ತೆಗೆಸಿದ್ರೆ?"

"ಹಾಗೆ ಮಾಡಿ ಅಂತ ನಾನು ಹೇಳೋ ಹಾಗಿಲ್ಲಮ್ಮ. ನರದ ಪಕ್ಕದಲ್ಲೇ ಇದೆ. ತೆಗೆದ್ರೆ ಬೆರಳ ತುದಿ ಜೋಮು ಹಿಡಿದು ಹಾಗೇ ಉಳೀಬಹುದು. ನಿಮ್ಮ ಕೆಲಸಕ್ಕೆ..."

"ನನ್ನ ಕೆಲಸ ನಾನು ನೋಡ್ಕೋತೀನಿ."

ದೊಡ್ಡಣ್ಣ ನಡುವೆ ಬಾಯಿ ಹಾಕಿದ. "ದುಡುಕಬೇಡಮ್ಮ. ಇಂಥದ್ದಕ್ಕೆಲ್ಲ ಕೂತು ಯೋಚನೆ ಮಾಡ್ಬೇಕು."

"ನೀನು ಕೂತಿದ್ದೀಯಲ್ಲಣ್ಣ, ನೀನೇ ಮಾಡು" ಅಂದು ಅವಳು ಕೆಳಗಿನ ಅಂತಸ್ತಿಗೆ, ಗಾಯಕ್ಕೆ ಹೊಲಿಗೆ ಹಾಕುವವರ ಕೋಣೆಗೆ ನಡೆದಳು.

ವಾರ ಮುಗಿಯುವ ಮುಂಚೆ, ಬೆರಳಿಗೆ ಪಟ್ಟಿ ಸುತ್ತಿಕೊಂಡು, ಅದೇ ದರಿದ್ರ ನಿಲುವಂಗಿ ತೊಟ್ಟು ಆ ಕೊಳವೆಯೊಳಗೆ ಮಲಗಿದಳು. ಡಬಡಬ ಸದ್ದಿಗೆ ಹಲ್ಲು ಕಚ್ಚಿದಳು, ಅಲುಗಲಿಲ್ಲ. ಚಿಕ್ಕಣ್ಣನಿಗೆ ಜಾಗ ಸಿಕ್ಕಿತು. ಅವನಿಗೆ ಕೊಡುವ ಗುಳಿಗೆಯಲ್ಲಿ ಔಷಧಿ ಇದೆಯೋ ಬರೀ ಸಕ್ಕರೆಯೋ ಪರೀಕ್ಷೆ ಮುಗಿಯುವವರೆಗೆ ಯಾರಿಗೂ ಹೇಳುವುದಿಲ್ಲವಂತೆ. ಇರಲಿ, ಬಾಗಿಲಂತೂ ತೆರೆಯಿತು ಅಂದುಕೊಂಡಳು.

ಬೆರಳು ಮಾತ್ರ ಡಾಕ್ಟರ್ ಹೇಳಿದಂತೆಯೇ ಆಯಿತು. ಎಳೆ ಯಾವ ಕಡೆ ಓಡಿದೆ ಅಂತ ಅವಳು ನೋಡುತ್ತಿದ್ದದ್ದು ಕಣ್ಣಿಂದಲ್ಲ, ಆ ಬೆರಳಿಂದ. ಈಗ ರೇಷ್ಮೆಯೂ ಅಷ್ಟೇ, ಗೋಣಿಯೂ ಅಷ್ಟೇ. ಮೊದಲ ದಿನ ಒಂದು ಕಾಲರ್ ಸೊಟ್ಟಗೆ ಕೂತಾಗ ಮಿಷನ್ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬಿಚ್ಚಿ ಮತ್ತೆ ಹೊಲಿದಳು.

ಹೀಗಿರುವಾಗ ದೊಡ್ಡಣ್ಣ ಪ್ಯಾಂಟಿನ ಬಟ್ಟೆ ಹಿಡಿದು ಅಂಗಡಿಗೆ ಬಂದ. ಗಿರಾಕಿಗಳು ತುಂಬಿದ್ದರು. ಅವನಿಗೆ ಬೇಕಾದದ್ದೂ ಅದೇ. "ನಿವಾಸಿಗಳ ಸಂಘದವರು ಭಾಷಣಕ್ಕೆ ಕರೆದಿದ್ದಾರಮ್ಮ. ವೈದ್ಯಕೀಯ ಪರೀಕ್ಷೆಗಳಿಗೆ ಜನ ಯಾಕೆ ಮುಂದೆ ಬರಬೇಕು ಅನ್ನೋ ವಿಷಯ. ನಮ್ಮ ಕುಟುಂಬದ ಅನುಭವ ಇದೆಯಲ್ಲ" ಅಂದ. ಚಿಕ್ಕಣ್ಣ ಮೂಲೆಯ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದ.

ಕತ್ತರಿ ಕೊರಳಿನ ಟೇಪು ತೆಗೆದು ಅವನ ಕಾಲ ಬಳಿ ಮಂಡಿಯೂರಿದಳು. ದನಿಯಲ್ಲಿ ಜೇನು ಸುರಿಯಿತು. "ಅಣ್ಣಾ, ಸರಳು ಇರೋದು ಯಾವ ಕಾಲಲ್ಲಿ? ಆ ಕಡೆ ಒಂಚೂರು ಸಡಿಲ ಬಿಡ್ಬೇಕು, ಇಲ್ದಿದ್ರೆ ಒತ್ತುತ್ತೆ."

ಗಿರಾಕಿಗಳೆಲ್ಲ ಕನಿಕರದಿಂದ ನೋಡಿದರು. ಮುರಿದದ್ದು ಯಾವ ಕಾಲು ಅನ್ನುವುದೇ ಮರೆತಂತೆ ದೊಡ್ಡಣ್ಣ ಎರಡನ್ನೂ ನೋಡಿಕೊಂಡ. "ಬಲಗಾಲು" ಅಂದ.

"ಬಲಗಾಲು" ಅಂತ ಅವಳೂ ಎಲ್ಲರಿಗೂ ಕೇಳುವಂತೆ ಹೇಳಿ ಅಳತೆ ಬರೆದುಕೊಂಡಳು.

ಪ್ಯಾಂಟನ್ನು ಭಾಷಣದ ಸಂಜೆಯೇ ಕಳಿಸಿದಳು, ಬದಲಿಸಲು ಹೊತ್ತಿಲ್ಲದ ಹಾಗೆ. ಎಡಗಾಲು ಅಚ್ಚುಕಟ್ಟು. ಬಲಗಾಲು ದಿಂಬಿನ ಚೀಲ, ಇನ್ನೊಬ್ಬ ಮನುಷ್ಯ ಆರಾಮಾಗಿ ಇಳಿಯಬಹುದು. ಸರಿಯಿಲ್ಲ ಅಂದರೆ ಸರಳಿಲ್ಲ ಅನ್ನಬೇಕು. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುಪ್ಪ. ಇಸ್ತ್ರಿಯಿಲ್ಲದ ಹಳೇ ಪ್ಯಾಂಟು ಹಾಕಿಕೊಂಡು ವೇದಿಕೆ ಹತ್ತುವ ಆಸಾಮಿಯೂ ಅಲ್ಲ. ಅದನ್ನೇ ತೊಟ್ಟು ಬಂದ.

ಯಾವಾಗಲೂ ಅತ್ತಿಂದಿತ್ತ ನಡೆಯುತ್ತಾ ಭಾಷಣ ಬಿಗಿಯುವವನು ಅವತ್ತು ಮೇಜು ಹಿಡಿದು ಅಲ್ಲೇ ನಿಂತ. ಫ್ಯಾನಿನ ಗಾಳಿಗೆ ಬಲಗಾಲು ಪಟಪಟ ಬಡಿದುಕೊಳ್ಳುತ್ತಿತ್ತು. "ತ್ಯಾಗ ಅನ್ನೋದು ನಮ್ಮ ಮನೆತನದಲ್ಲೇ ಬಂದದ್ದು" ಅಂತ ಶುರುಮಾಡಿದ. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಮುಂದಿನ ಸಾಲಿನಲ್ಲಿ ಕತ್ತರಿಯ ಪಕ್ಕ ಕೂತಿದ್ದ ಚಿಕ್ಕಣ್ಣ ಕೈ ಎತ್ತಿದ. ಕೈ ಇನ್ನೂ ನಡುಗುತ್ತಿತ್ತು. ಅದನ್ನವನು ಈ ಸಲ ಬಚ್ಚಿಡಲಿಲ್ಲ.

"ಅಣ್ಣಾ, ಪ್ಲಾಸ್ಟರ್ ಹಾಕಿದ್ದು ಎಡಗಾಲಿಗಲ್ವಾ?" ಅಂತ ಕೇಳಿದ.

ದೊಡ್ಡಣ್ಣ ಬಲಗಾಲನ್ನು ಮೆಲ್ಲಗೆ ಎಡಗಾಲಿನ ಹಿಂದಕ್ಕೆ ಸರಿಸಿಕೊಂಡ.