ಬೇಲಿಯ ಮೇಲೆ ಒಂಬತ್ತು ಅಂಗಿ

ನೋನಿ ಕೋಟರ್ ತನ್ನ ಮಗನ ಅಂಗಿಯನ್ನು ಇನ್ನೊಮ್ಮೆ ಹಿಂಡಿ, ಕೊಡವಿ, ಒಲೆಯ ಮೇಲೆ ಅಡ್ಡಕ್ಕೆ ಕಟ್ಟಿದ ಹಗ್ಗಕ್ಕೆ ಹಾಕಿದಳು. ಇನ್ನೂ ನಾಲ್ಕು ಅಂಗಿ, ಎರಡು ಹೊದಿಕೆ ಬಾನಿಯಲ್ಲೇ ಇದ್ದವು. ಬಾಗಿಲಾಚೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮಾರ್ಚ್ ತಿಂಗಳಲ್ಲಿ ಕಾರ್ಕ್ ಸೀಮೆಗೆ ಅಂಥ ಬಿಸಿಲು ನೆಂಟರ ಹಾಗೆ. ಬಂದದ್ದೇ ಹೆಚ್ಚು, ಎಷ್ಟು ಹೊತ್ತು ಇರುತ್ತೀರಿ ಎಂದು ಕೇಳುವ ಹಾಗಿಲ್ಲ.

"ಅತ್ತೆ, ಇಂಥಾ ಬಿಸ್ಲು ಬಿಟ್ಟು ಬಟ್ಟೇನ ಹೊಗೇಲಿ ಹಾಕ್ತೀರಲ್ಲ," ಎಂದಳು ಸೊಸೆ ಬ್ರೀಡಾ, ಹಿಟ್ಟು ನಾದುತ್ತ. "ನಿಮ್ಮ ಮಗ ಚರ್ಚಲ್ಲಿ ಮೊಣಕಾಲೂರಿದ್ರೆ ಪಕ್ಕದವ್ರಿಗೆಲ್ಲ ಹೊಗೆ ಹಾಕಿದ ಹಂದಿಮಾಂಸ ನೆನಪಾಗುತ್ತಂತೆ."

"ನೆನಪಾದ್ರೆ ಮನೆಗ್ಹೋಗಿ ಬೇಯಿಸ್ಕೊಳ್ಳಲಿ. ಮಾಂಸ ಬೇಡ ಅಂದವ್ರು ಯಾರು?"

ಬ್ರೀಡಾ ನಕ್ಕಳು. ಈ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಅತ್ತೆ ಒಂದು ಕರವಸ್ತ್ರವನ್ನೂ ಹೊರಗೆ ಒಣಹಾಕಿದ್ದನ್ನು ಅವಳು ಕಂಡಿರಲಿಲ್ಲ. ಸುತ್ತಲಿನ ಮನೆಗಳವರೆಲ್ಲ ಹಳದಿ ಹೂವಿನ ಮುಳ್ಳುಬೇಲಿಯ ಮೇಲೆ ಬಟ್ಟೆ ಹರಡುತ್ತಿದ್ದರು. ಮುಳ್ಳು ಹಿಡಿದುಕೊಂಡರೆ ಗಾಳಿಗೆ ಹಾರುವುದಿಲ್ಲ. ನೋನಿಯದು ಮಾತ್ರ ಒಲೆಯ ಹಗ್ಗ. ಅದು ಮುದುಕಿಯ ಚಾಳಿ ಎಂದು ಊರು ಒಪ್ಪಿಕೊಂಡಿತ್ತು.

ಎರಡನೆಯ ಅಂಗಿ ಹಿಂಡುವಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಶಾಲೆಯ ಟೂಮಿ ಮಾಸ್ತರರು ಇಳಿದು, ಆಚೆ ಬಾಗಿಲು ತೆಗೆದು, ಟೈಗ್ ಶೀಹನ್‌ನನ್ನು ಕೈ ಹಿಡಿದು ಇಳಿಸಿದರು. ಟೈಗ್‌ನಿಗೆ ಎಪ್ಪತ್ತು ದಾಟಿತ್ತು. ನಲವತ್ತೈದು ವರ್ಷದ ಹಿಂದೆ, ಇಂಗ್ಲಿಷರ ಸೈನ್ಯದ ಮೇಲೆ ಬಂದೂಕು ಹಿಡಿದು ಗುಡ್ಡ ಸುತ್ತುತ್ತಿದ್ದ ಒಂಬತ್ತು ಹುಡುಗರ ದಂಡಿನಲ್ಲಿ ಈಗ ಉಸಿರಾಡುತ್ತಿದ್ದವನು ಅವನೊಬ್ಬನೇ.

"ಈ ಕೆಲಸಕ್ಕೆ ದೇವರ ದಯೆ ಇರ್ಲಿ," ಎನ್ನುತ್ತ ಟೈಗ್ ಒಳಗೆ ಬಂದ.

"ನಿನ್ನ ಮೇಲೂ ಇರ್ಲಿ. ಕೂತ್ಕೋ, ಟೈಗ್. ಬ್ರೀಡಾ, ಚಹಾ ಇಡಮ್ಮ."

ಅವರು ಬಂದ ಕಾರಣ ನೋನಿಗೆ ಗೊತ್ತಿತ್ತು. ಈಸ್ಟರ್ ಭಾನುವಾರ ಗ್ಲಾನ್‌ರೂ ಹಳ್ಳ ದಾಟುವ ಜಾಗದಲ್ಲಿ ಸ್ಮಾರಕದ ಕಲ್ಲು ನಿಲ್ಲಿಸುವುದಿತ್ತು. ೧೯೨೧ರ ಫೆಬ್ರವರಿಯ ಒಂದು ಬೆಳಗ್ಗೆ ಆ ಒಂಬತ್ತು ಜನ ನೋನಿಯ ತವರಾದ ಇದೇ ಮನೆಯಿಂದ ಹೊರಟು ಹಳ್ಳ ದಾಟುವಾಗ, ಎರಡೂ ದಂಡೆಯಲ್ಲಿ ಸೈನಿಕರು ಹೊಂಚು ಹಾಕಿ ಕಾದಿದ್ದರು. ಆರು ಜನ ನೀರಿನಲ್ಲೇ ಬಿದ್ದರು. ಆ ಆರರಲ್ಲಿ ಒಬ್ಬ ನೋನಿಯ ಅಣ್ಣ ಫೆಲಿಮ್.

ಸೈನಿಕರಿಗೆ ಹೇಳಿದವರು ಯಾರು? ಊರಿನಲ್ಲಿ ಇದಕ್ಕೆ ಕತೆ ಒಂದಲ್ಲ. ಒಂದೇ ಮನೆಯಲ್ಲಿ ಎರಡು ರಾತ್ರಿ ತಂಗಬಾರದೆಂಬ ನೇಮವನ್ನು ದಂಡಿನ ನಾಯಕ ಮುರಿದ, ಅದಕ್ಕೇ ಹೀಗಾಯಿತು ಎಂದು ಕೆಲವರು. ಹಿಂದಿನ ರಾತ್ರಿ ಗುಡ್ಡದ ಮೇಲೆ ಕಾವಲಿಗಿದ್ದವನು ಚಳಿಗೆ ಇಳಿದು ಬಂದಿದ್ದ ಎಂದು ಕೆಲವರು. ಈ ಮಾತನ್ನು ಟೈಗ್ ಇರುವ ಕಡೆ ಯಾರೂ ಆಡುತ್ತಿರಲಿಲ್ಲ, ಕಾವಲಿಗಿದ್ದವನು ಅವನೇ. ಆದರೆ ಬಹಳ ಜನ ನಂಬಿದ್ದು ಕಾರ್ಮಕ್ ಡಿನೀನ್‌ನ ಕತೆಯನ್ನು.

ಕಾರ್ಮಕ್ ಗಡಿಯಾರ ರಿಪೇರಿ ಮಾಡುತ್ತಿದ್ದವನು. ದೊಡ್ಡ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಸೇರಿ, ಫ್ರಾನ್ಸಿನಲ್ಲಿ ಶ್ವಾಸಕೋಶ ಕೆಡಿಸಿಕೊಂಡು ಬಂದಿದ್ದ. ಆ ಒಂದು ಸಂಗತಿಯೇ ಅರ್ಧ ಸಾಕ್ಷಿಯಾಯಿತು. ಹಳ್ಳದ ಘಟನೆಯಾಗಿ ಹನ್ನೊಂದನೆಯ ದಿನ ಅವನ ಹೆಣ ಜೌಗಿನ ದಾರಿಯಲ್ಲಿ ಸಿಕ್ಕಿತು. ಕೋಟಿಗೆ ಒಂದು ಚೀಟಿ ಚುಚ್ಚಿದ್ದರು: 'ಬೇಹುಗಾರರೇ, ಎಚ್ಚರ.'

ಮಾಸ್ತರರು ಚೀಲದಿಂದ ಹಾಳೆ ತೆಗೆದರು. "ಕಲ್ಲಿನ ಜೊತೆ ಒಂದು ಸಣ್ಣ ಪುಸ್ತಕಾನೂ ಬರ್ತಿದೆ, ನೋನಿ. ಆವತ್ತಿನ ಈ ಮನೆಯೋರಲ್ಲಿ ಉಳಿದಿರೋದು ನೀವೊಬ್ರೇ. ನಿಮ್ಮ ತಾಯಿ ಹೇಳಿದ್ದನ್ನೇ ಬರೆದಿದ್ದೀನಿ. ಓದ್ತೀನಿ, ಸರಿಯಾಗಿದ್ರೆ ಕೆಳಗೆ ಸಹಿ ಹಾಕಿ ಸಾಕು."

ಅವರು ಓದಿದರು. "'ಘಟನೆಯ ಹಿಂದಿನ ದಿನ ಮಧ್ಯಾಹ್ನ ಕಾರ್ಮಕ್ ಡಿನೀನನು ಕೋಟರ್ ಮನೆಗೆ ಬಂದನು. ಮನೆಯಲ್ಲಿ ಬೆಣ್ಣೆ ಕಡೆಯುತ್ತಿದ್ದರೂ ಅವನು ಕಡಗೋಲಿಗೆ ಕೈ ಹಚ್ಚದೆ ಅವಸರದಿಂದ ಹೊರಟುಹೋದನು. ಅಂದು ಬೆಣ್ಣೆ ಬರಲಿಲ್ಲ.'"

ಬ್ರೀಡಾ ಹಿಟ್ಟಿನ ಕೈಯಲ್ಲೇ ಶಿಲುಬೆಯ ಗುರುತು ಮಾಡಿಕೊಂಡಳು. ಕಡೆಯುವ ಮನೆಗೆ ಕಾಲಿಟ್ಟವನು, ಪಾದ್ರಿಯೇ ಆಗಲಿ ಭಿಕ್ಷುಕನೇ ಆಗಲಿ, ನಾಲ್ಕು ಸಲ ಕಡಗೋಲನ್ನು ಎತ್ತಿ ಇಳಿಸಿಯೇ ಹೋಗಬೇಕು. ಹಾಗೆ ಮಾಡದೆ ಹೊರಟವನು ಮನೆಯ ಭಾಗ್ಯವನ್ನು ಜೇಬಿನಲ್ಲಿ ಹಾಕಿಕೊಂಡು ಹೋದ ಎಂದೇ ಲೆಕ್ಕ. ಈಗ ಹಾಲೆಲ್ಲ ಡೈರಿಗೆ ಹೋಗುತ್ತದೆ, ಬೆಣ್ಣೆ ಕಡೆಯುವ ಪೀಪಾಯಿ ಕೊಟ್ಟಿಗೆಯಲ್ಲಿ ಮೂಲೆ ಸೇರಿದೆ. ನಂಬಿಕೆ ಮಾತ್ರ ಮೂಲೆ ಸೇರಿಲ್ಲ.

ನೋನಿ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ನೋಡಿದಳು. ನೀರು ಹನಿ ಹನಿಯಾಗಿ ಅವಳ ಚಪ್ಪಲಿಯ ಮೇಲೆ ಬೀಳುತ್ತಿತ್ತು.

ಆ ದಿನವೂ ಇಂಥದ್ದೇ ಬಿಸಿಲು. ಆಗ ಅವಳಿಗೆ ಹತ್ತೊಂಬತ್ತು. ಒಂಬತ್ತು ಹುಡುಗರು ಅಟ್ಟದಲ್ಲಿ ಮಲಗಿದ್ದರು. ಅವರ ಒಂಬತ್ತು ಜೊತೆ ಬೂಟು ಒಲೆಯ ಸುತ್ತ ಒಣಗುತ್ತಿದ್ದವು. "ನೋನಿ, ನಾಳೆ ತಿಂಗಳ ಮೊದಲ ಶುಕ್ರವಾರ ಕಣೆ, ಪಾಪನಿವೇದನೆಗೆ ಹೋಗ್ಬೇಕು, ಒಂದು ಒಗೆದ ಅಂಗಿ ಸಿಗುತ್ತಾ?" ಎಂದು ಫೆಲಿಮ್ ಕೇಳಿದ್ದ. ಅವನಿಗೊಬ್ಬನಿಗೆ ಒಗೆದು ಮಿಕ್ಕವರನ್ನು ಬಿಡುವುದು ಹೇಗೆ? ಅವಳು ಒಂಬತ್ತನ್ನೂ ಒಗೆದಳು. ಒಲೆಯ ಬಳಿ ಬೂಟುಗಳು ಜಾಗ ಬಿಟ್ಟಿರಲಿಲ್ಲ. ತಾಯಿ ಹಸು ಕರೆಯಲು ಹೋಗಿದ್ದಾಗ ಅಂಗಿಗಳನ್ನು ಮುಳ್ಳುಬೇಲಿಯ ಮೇಲೆ ಹರಡಿದಳು. ಒಂದೇ ಒಂದು ಗಂಟೆ. ಆ ಗಂಟೆಯಲ್ಲೇ ಮೇಲಿನ ರಸ್ತೆಯಲ್ಲಿ ಸೈನ್ಯದ ಲಾರಿ ಹೋದ ಸದ್ದು ಕೇಳಿತು. ಓಡಿಹೋಗಿ ಕಿತ್ತುಕೊಂಡು ಬಂದಳು. ಎರಡು ಅಂಗಿ ಮುಳ್ಳಿಗೆ ಹರಿದವು. ವಿಧವೆ ತಾಯಿ, ಒಬ್ಬಳು ಮಗಳು ಇರುವ ಮನೆಯ ಬೇಲಿಯ ಮೇಲೆ ಒಂಬತ್ತು ಗಂಡಸರ ಅಂಗಿ.

ಕಾರ್ಮಕ್ ಬಂದದ್ದು ಅದಾದ ಮೇಲೆ. ರಿಪೇರಿಯಾದ ಗಡಿಯಾರವನ್ನು ಕೂಸಿನ ಹಾಗೆ ಎದೆಗವಚಿಕೊಂಡು, ಏದುಸಿರು ಬಿಡುತ್ತ, ಸೊಂಟದೆತ್ತರದ ಅರ್ಧಬಾಗಿಲ ಹೊರಗೆ ನಿಂತಿದ್ದ. ತಾಯಿ ಹಿಂದಿನ ಕೋಣೆಯಲ್ಲಿ ಕಡೆಯುತ್ತಿದ್ದಳು. "ಕಡೀತಿದ್ದೀರೇನು? ತಡಿ, ಕೈ ಹಚ್ತೀನಿ," ಎಂದು ಅವನು ಅಗುಳಿಗೆ ಕೈ ಹಾಕಿದ. ನೋನಿಗೆ ಒಳಗೆ ಗೋಡೆಯ ಮರೆಯಲ್ಲಿ ಒಣಗುತ್ತಿದ್ದ ಬೂಟುಗಳು ನೆನಪಾದವು. ಗಡಿಯಾರವನ್ನು ಬಾಗಿಲ ಮೇಲಿಂದಲೇ ತೆಗೆದುಕೊಂಡು, "ಬೇಡ ಕಾರ್ಮಕ್, ಒಳಗೆ ಬರ್ಬೇಡ, ಹೋಗು," ಎಂದಳು. ಅವನ ಮುಖ ಚಿಕ್ಕದಾಯಿತು. ಸೈನ್ಯದ ಕೋಟು ಹಾಕಿದ ತಪ್ಪಿಗೆ ಇನ್ನೂ ಒಂದು ಮನೆ ತನಗೆ ಮುಚ್ಚಿತು ಎಂದುಕೊಂಡನೋ ಏನೋ. "ಕೆಲಸಕ್ಕೆ ದೇವರ ದಯೆ ಇರ್ಲಿ," ಎಂದು ಹೊರಗಿನಿಂದಲೇ ಹೇಳಿ ತಿರುಗಿದ.

ಹತ್ತು ದಿನದ ನಂತರ ಟೈಗ್ ಬಂದು ಕೇಳಿದಾಗ ತಾಯಿ ಹೇಳಿದ್ದು, ಅವನು ಬಂದ, ಕಡಗೋಲು ಮುಟ್ಟದೆ ಹೋದ ಎಂದು. ಮಗನ ಶವ ಹೂತ ತಾಯಿ. ಟೈಗ್ ನೋನಿಯ ಕಡೆ ತಿರುಗಿ ಹೌದೇ ಎಂದ. ಅವಳು ಹೌದೆಂದಳು. ಬಂದದ್ದು ನಿಜ, ಮುಟ್ಟದೆ ಹೋದದ್ದೂ ನಿಜ. 'ನಾನೇ ಕಳಿಸಿದೆ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ, ಹಾಗಾದರೆ ಮತ್ತೆ ಯಾರು, ರಸ್ತೆಯಿಂದ ಏನಾದರೂ ಕಾಣುತ್ತಿತ್ತೇ ಎಂದು ಕೇಳುತ್ತಾರೆ. ಬೇಲಿಯ ಮುಳ್ಳಿನಲ್ಲಿ ಆಗಿನ್ನೂ ಬಿಳಿ ಬಟ್ಟೆಯ ಚೂರು ಸಿಕ್ಕಿಕೊಂಡಿತ್ತು. ತಾಯಿ ಅಲ್ಲೇ ನಿಂತಿದ್ದಳು. ನೋನಿ ಆ ಮಾತನ್ನು ನುಂಗಿದಳು. ಅದೇ ಸಂಜೆ ಜೌಗಿನ ಕಡೆಯಿಂದ ಒಂದು ಗುಂಡಿನ ಸದ್ದು ಕೇಳಿತು.

"ಸರಿಯಾಗಿದೆಯಾ, ನೋನಿ?" ಎಂದು ಮಾಸ್ತರರು ಪೆನ್ನಿನ ಮುಚ್ಚಳ ತೆಗೆದರು.

"ಅವನು ಒಳಗೆ ಬರಲಿಲ್ಲ, ಮಾಸ್ತರೇ," ಎಂದಳು ನೋನಿ. "ನಾನು ಬಿಡಲಿಲ್ಲ. ಕೈ ಹಚ್ತೀನಿ ಅಂತ ಅಗುಳಿ ಹಿಡಿದಿದ್ದ. ನಾನೇ ಬಾಗಿಲಿಂದ ಓಡಿಸ್ದೆ."

ಮಾಸ್ತರರು ಪೆನ್ನಿನ ಮುಚ್ಚಳ ಮತ್ತೆ ಹಾಕಿದರು. "ಇದು... ಇಷ್ಟು ವರ್ಷ ಯಾರೂ ಹೇಳಿಲ್ವಲ್ಲ."

"ಹೇಳ್ಬೇಕಾದವ್ಳು ನಾನೇ. ಹೇಳ್ಲಿಲ್ಲ."

"ಕಲ್ಲಿನ ಮೇಲೆ 'ದ್ರೋಹಿಯೊಬ್ಬನ ಮಾತಿನಿಂದ' ಅಂತ ಕೆತ್ತಾಗಿದೆ, ನೋನಿ."

"ಕಲ್ಲು ಕೆತ್ತೋಕೆ ಮುಂಚೆ ಬರ್ಬೇಕಿತ್ತು ನೀವು. ನಾನೂ ಬಾಯಿ ಬಿಡ್ಬೇಕಿತ್ತು."

ಟೈಗ್ ಈವರೆಗೆ ಗೋಡೆಯ ಗಡಿಯಾರವನ್ನೇ ನೋಡುತ್ತ ಕುಳಿತಿದ್ದ. ಕಾರ್ಮಕ್ ರಿಪೇರಿ ಮಾಡಿದ ಅದು ಇನ್ನೂ ನಡೆಯುತ್ತಿತ್ತು. "ಮಾಸ್ತರೇ," ಎಂದ ಮೆಲ್ಲಗೆ, "ಬ್ರೀಡಾನ ಹೊಸ ಕರು ನೋಡಿದ್ದೀರೇನು? ಹೋಗಿ ನೋಡ್ಕೊಂಡು ಬನ್ನಿ."

ಮಾಸ್ತರರೂ ಬ್ರೀಡಾಳೂ ಹೊರಗೆ ಹೋದರು. ಟೈಗ್ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಕುಡಿಯಲಿಲ್ಲ.

"ಈಗ ಯಾಕೆ, ನೋನಿ? ಸತ್ತೋರು ಸತ್ರು. ನಾವಿಬ್ರೂ ಇನ್ನೆಷ್ಟು ದಿನ?"

"ಅವನ ತಂಗಿ ಇದ್ದಾಳೆ. ಆಬಿನಾ. ಅಮೆರಿಕಾದಲ್ಲಿ."

"ನಿಂಗೆ ಬರೀತಾಳಾ?"

"ಮೂರು ಸಲ ಬರೆದ್ಲು. ಅಣ್ಣ ಆವತ್ತು ನಿಮ್ಮನೆ ಒಳಗೆ ಬಂದಿದ್ನಾ, ಅಷ್ಟು ಹೇಳು ಸಾಕು ಅಂತ. ಒಂದಕ್ಕೂ ನಾನು ಉತ್ತರ ಬರೀಲಿಲ್ಲ."

ಟೈಗ್ ತಲೆ ತಗ್ಗಿಸಿದ. "ನೀನು ಹೇಳೋದು ನಿಜ ಆದ್ರೆ, ಆವತ್ತು ಸಂಜೆ ನಾನು ಜೌಗಲ್ಲಿ ಮಾಡಿದ್ದು ಏನು? ಅವನು ಹೇಳ್ದ, ನೋನಿ. 'ಟೈಗ್, ಆ ಹುಡುಗೀನ ಕೇಳು' ಅಂದ. ಹೇಡಿ ಮಾತು ಅಂದ್ಕೊಂಡೆ."

ನೋನಿಗೆ ಇದು ಗೊತ್ತಿರಲಿಲ್ಲ. ಅವಳು ಬಾನಿಯ ಅಂಚು ಹಿಡಿದು ಕುಳಿತಳು. ನಲವತ್ತೈದು ವರ್ಷದಲ್ಲಿ ಎಷ್ಟೋ ಸಲ ಆ ಸಂಜೆಯನ್ನು ಮನಸ್ಸಿನಲ್ಲಿ ಕಂಡಿದ್ದಳು. ಆದರೆ ಅಲ್ಲಿ ಕಾರ್ಮಕ್ ಅವಳನ್ನು ಕೇಳೆಂದು ಹೇಳಿರಲಿಲ್ಲ.

"ನೀನು ನನ್ನ ಕೇಳಿದ್ದೆ," ಎಂದಳು. "ಅದೇ ಮಧ್ಯಾಹ್ನ ಕೇಳಿದ್ದೆ. ತಪ್ಪು ನಿನ್ನೊಬ್ಬಂದಲ್ಲ. ಬೇಲಿ ಮೇಲೆ ನಿಮ್ಮ ಅಂಗಿ ಹರಡಿದ್ದೆ, ಟೈಗ್. ಒಂಬತ್ತೂ. ಲಾರಿ ಹೋಯ್ತು. ಅವರು ನೋಡಿದ್ರೋ ಇಲ್ವೋ ನಂಗೊತ್ತಿಲ್ಲ."

ಟೈಗ್ ತಲೆಯೆತ್ತಿ ಒಲೆಯ ಹಗ್ಗದ ಮೇಲಿನ ಅಂಗಿಯನ್ನು ನೋಡಿದ.

"ನಾನೂ ಗುಡ್ಡದ ಮೇಲೆ ಪೂರ್ತಿ ಹೊತ್ತು ಇರ್ಲಿಲ್ಲ," ಎಂದ. ಎಷ್ಟು ಹೊತ್ತು, ಎಲ್ಲಿಗೆ ಹೋಗಿದ್ದ ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಯಾವುದರಿಂದ ಆಯಿತೆಂದು ಇನ್ನು ಯಾರೂ ತಿಳಿಯುವಂತಿರಲಿಲ್ಲ. ಕಾರ್ಮಕ್‌ನಿಂದ ಆಗಲಿಲ್ಲ ಎನ್ನುವುದಷ್ಟೇ ಆ ಅಡುಗೆಮನೆಯಲ್ಲಿ ತಿಳಿದದ್ದು.

"ಸಹಿ ಹಾಕಲ್ಲ ಅನ್ನು ಹಾಗಾದ್ರೆ," ಎಂದು ಟೈಗ್ ಕೋಲೂರಿ ಎದ್ದ.

"ಹಾಕಲ್ಲ. ಆಬಿನಾಗೆ ಬರೀತೀನಿ. ನಿನ್ನ ಹೆಸರು ಅದರಲ್ಲಿ ಬರಲ್ಲ."

ಅವನು ಬಾಗಿಲ ಬಳಿ ನಿಂತ. ಬೆನ್ನು ಈ ಕಡೆ ಇತ್ತು. "ಅವನು ಹೇಳಿದ್ದನ್ನ ಬರೀ," ಎಂದ. "ಹುಡುಗೀನ ಕೇಳು ಅಂದ ಅಂತ. ಅತ್ತು ಕರೆದು ಮಾಡ್ಲಿಲ್ಲ ಅಂತಾನೂ ಬರೀ. ನಿಂಗೆ ಹೇಗೆ ಗೊತ್ತು ಅಂತ ಅವಳು ಕೇಳಿದ್ರೆ, ನನ್ನ ಹೆಸರು ಹೇಳು."

ಕಾರು ಹೋದ ಮೇಲೆ ನೋನಿ ಉಳಿದ ಅಂಗಿಗಳನ್ನು ಹಗ್ಗಕ್ಕೆ ಹಾಕಿದಳು. ಕೈ ಒರೆಸಿಕೊಂಡು, ಯೇಸುವಿನ ಪವಿತ್ರ ಹೃದಯದ ಪಟದ ಹಿಂದಿನಿಂದ ಮೂರು ಪತ್ರ ತೆಗೆದಳು. ಕೊನೆಯದು ಎಂಟು ವರ್ಷ ಹಿಂದಿನದು. ಮೊಂಟಾನಾದ ಬ್ಯೂಟ್, ಗಣಿಗಳ ಊರು. ಅಕ್ಷರಗಳು ನಡುಗಿದ್ದವು. ಆ ಮೂರರ ಜೊತೆ ಅವಳದೇ ಹಾಳೆಗಳೂ ಇದ್ದವು, ಎಲ್ಲದರ ಮೇಲೂ 'ಪ್ರಿಯ ಆಬಿನಾ' ಎಂದಷ್ಟೇ. ಪ್ರತಿ ಸಲವೂ ಒಂದು ಕಾರಣ ಸಿಕ್ಕಿತ್ತು. ತಾಯಿ ಬದುಕಿದ್ದಾಳೆ. ತಾಯಿ ಈಗಷ್ಟೇ ಸತ್ತಿದ್ದಾಳೆ. ಮಗನ ಮದುವೆ. ಹೈನು. ಕೊಯ್ಲು.

ಅವಳು ಆ ಹಾಳೆಗಳಲ್ಲೇ ಒಂದನ್ನು ತೆಗೆದುಕೊಂಡಳು. ಮೇಲಿನೆರಡು ಪದ ಬರೆದಾಗಿತ್ತಲ್ಲ.

'ನಿನ್ನ ಅಣ್ಣ ನಮ್ಮ ಮನೆಯ ಒಳಗೆ ಬರಲಿಲ್ಲ. ಬರುವುದಕ್ಕೆ ಅಗುಳಿ ಹಿಡಿದಿದ್ದ, ಕಡೆಯಲು ಕೈ ಹಚ್ಚುತ್ತೇನೆ ಎಂದ. ನಾನು ಬೇಡವೆಂದೆ. ಅವನು ಒಳಗೆ ಏನನ್ನೂ ನೋಡಲಿಲ್ಲ. ನನ್ನನ್ನು ಕೇಳಿದಾಗ ನಾನು ಇದನ್ನು ಹೇಳಲಿಲ್ಲ. ನನ್ನ ತಪ್ಪಿನ ಭಯಕ್ಕೆ ಹೇಳಲಿಲ್ಲ. ಆ ತಪ್ಪನ್ನೂ ಕೆಳಗೆ ಬರೆಯುತ್ತೇನೆ. ಕೊನೆಯಲ್ಲಿ ಅವನು, ಆ ಹುಡುಗಿಯನ್ನು ಕೇಳಿ ಎಂದನಂತೆ. ಅದು ನನಗೆ ಇವತ್ತು ತಿಳಿಯಿತು. ಅವನು ರಿಪೇರಿ ಮಾಡಿದ ಗಡಿಯಾರ ನಮ್ಮಲ್ಲಿ ಈಗಲೂ ನಡೆಯುತ್ತಿದೆ. ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ.'

ಅಂಗಿಗಳ ವಿಷಯ ಬರೆಯುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು. ಬರೆದಾದ ಮೇಲೆ ಓದಿ ನೋಡಲಿಲ್ಲ. ಓದಿದರೆ ಪಟದ ಹಿಂದಕ್ಕೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಲಕೋಟೆಯ ಅಂಟನ್ನು ನಾಲಿಗೆಗೆ ತಾಗಿಸಿ ಒತ್ತಿದಳು.

"ಎಲ್ಲಿಗೆ, ಅತ್ತೆ? ರೊಟ್ಟಿ ಈಗ ತೆಗೀತೀನಿ," ಎಂದಳು ಬ್ರೀಡಾ. ಕರು ನೋಡಿ ಬಂದಾಗಿನಿಂದ ಅವಳು ಏನನ್ನೂ ಕೇಳಿರಲಿಲ್ಲ. ಅತ್ತೆಯ ಕೋಟನ್ನು ಮೊಳೆಯಿಂದ ತೆಗೆದುಕೊಟ್ಟು ಗುಂಡಿ ಹಾಕಿದಳು.

"ಅಂಚೆಗೆ. ರೊಟ್ಟಿಯ ಗಟ್ಟಿ ತುದಿ ನಂಗಿಡು."

ಕಿಲ್‌ಕಾರಾದ ಅಂಚೆ ಕಚೇರಿ ಎಂದರೆ ಅಂಗಡಿಯ ಒಂದು ಮೂಲೆ. ಹೊರಗಿನ ಹಸಿರು ಡಬ್ಬಿಗೆ ಎಷ್ಟು ಸಲ ಬಣ್ಣ ಬಳಿದರೂ ಅಡಿಯಲ್ಲಿ ಇಂಗ್ಲಿಷರ ಹಳೆಯ ರಾಜನ ಮುದ್ರೆ ಉಬ್ಬಿ ಕಾಣುತ್ತದೆ. ನೋನಿ ಅದರ ಮುಂದೆ ನಿಲ್ಲದೆ ಒಳಗೆ ಹೋದಳು. ಡಬ್ಬಿಗೆ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಅಂಗಡಿಯಲ್ಲಿ ಮೂವರು ಹೆಂಗಸರು ಚಹಾ ಪುಡಿಗೆ ಕಾಯುತ್ತಿದ್ದರು.

ಅಂಚೆಯ ಕಿಟ್ಟಿ ಕನ್ನಡಕ ಏರಿಸಿ ಲಕೋಟೆ ನೋಡಿದಳು. "ಬ್ಯೂಟ್? ಅಲ್ಲಿ ನಿಮ್ಮೋರು ಯಾರಿದ್ದಾರೆ, ನೋನಿ?"

"ನಮ್ಮೋರಲ್ಲ. ಕಾರ್ಮಕ್ ಡಿನೀನ್‌ನ ತಂಗಿ."

ಚಹಾದ ಹೆಂಗಸರು ತಿರುಗಿ ನೋಡಿದರು. ಆ ಹೆಸರನ್ನು ಅಂಗಡಿಯಲ್ಲಿ ಹಾಗೆ, ನೆರೆಮನೆಯವನ ಹೆಸರು ಹೇಳಿದ ಹಾಗೆ, ಯಾರೂ ಹೇಳಿದ್ದಿಲ್ಲ. ಕಿಟ್ಟಿ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

"ಹಡಗಲ್ಲಿ ಹೋಗ್ಲಾ, ವಿಮಾನದಲ್ಲಾ?"

"ಬೇಗ ಹೋಗೋದ್ರಲ್ಲಿ ಹಾಕು."

ಕಿಟ್ಟಿ ಸ್ಟಾಂಪು ಹಚ್ಚಿ, ಮೊಹರು ಒತ್ತಿ, ಲಕೋಟೆಯನ್ನು ಹಿಂದಿನ ಮೊಳೆಗೆ ನೇತುಹಾಕಿದ್ದ ಚೀಲಕ್ಕೆ ಹಾಕಿದಳು. ನಾಲ್ಕು ಗಂಟೆಯ ವ್ಯಾನು ಆಗಲೇ ಬಾಗಿಲಿಗೆ ಬಂದಿತ್ತು. ಚಾಲಕ ಚೀಲದ ಬಾಯಿ ಬಿಗಿದು ಹೆಗಲಿಗೇರಿಸಿಕೊಂಡು ಹೋಗುವವರೆಗೂ ನೋನಿ ಅಲ್ಲೇ ನಿಂತಿದ್ದಳು.